ಅಣ್ಣ-ತಮ್ಮರ ಯುದ್ಧ: ಅರಮನೆಯ ಕಾವ್ಯ, ಅಗಸಿಯ ಕಲ್ಲು

ಅಣ್ಣಿಗೇರಿ, ಗದಗ, ಲಕ್ಷ್ಮೇಶ್ವರ, ಹಾನಗಲ್ಲ. ಈ ಸೀಮೆಯ ಯಾವ ಹಳೆಯ ಗುಡಿಗೆ ಹೋದರೂ ಗೋಡೆಗೆ ಆನಿಸಿ ನಿಲ್ಲಿಸಿದ ಆಳೆತ್ತರದ ಶಾಸನದ ಕಲ್ಲೊಂದು ಸಿಕ್ಕೇ ಸಿಗುತ್ತದೆ. ನೆತ್ತಿಯಲ್ಲಿ ಲಿಂಗ, ಆಚೀಚೆ ಆಕಳು-ಕರು, ಸೂರ್ಯ-ಚಂದ್ರ. ಕೆಳಗೆ ದುಂಡನೆಯ ಅಕ್ಷರಗಳ ನಲವತ್ತು-ಐವತ್ತು ಸಾಲು. ಹೊಸದಾಗಿ ಓದಲು ಕಲಿಯುವವರು ಮೊದಲ ನಾಲ್ಕೈದು ಸಾಲು ಬಿಟ್ಟು ಮುಂದೆ ಹೋಗುತ್ತಾರೆ. ‘ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ ಸತ್ಯಾಶ್ರಯಕುಳತಿಳಕ ಚಾಳುಕ್ಯಾಭರಣ’ ಎಂಬ ಬಿರುದಿನ ಸರ ಕಲ್ಯಾಣದ ಚಾಲುಕ್ಯರ ಎಲ್ಲ ಕಲ್ಲಿನಲ್ಲೂ ಒಂದೇ, ಅದನ್ನೇನು ಓದುವುದು ಅಂತ. ಆ ಸರ ಮುಗಿದ ಮೇಲೆ ಬರುವ ಹೆಸರನ್ನು ಮಾತ್ರ ಬಿಡಬೇಡಿ. ಅಲ್ಲಿ ‘ಭುವನೈಕಮಲ್ಲದೇವ’ ಎಂದಿದ್ದರೆ ಆ ಕಲ್ಲು ಅಣ್ಣ ಎರಡನೆಯ ಸೋಮೇಶ್ವರನ ಕಾಲದ್ದು, 1068ರಿಂದ 1076ರ ನಡುವಿನದು. ‘ತ್ರಿಭುವನಮಲ್ಲದೇವ’ ಎಂದಿದ್ದರೆ ಅಣ್ಣನನ್ನು ಸೆರೆಹಿಡಿದು ಪಟ್ಟವೇರಿದ ತಮ್ಮ ವಿಕ್ರಮಾದಿತ್ಯನ ಕಾಲದ್ದು. ಒಂದು ಬಿರುದು ಹೋಗಿ ಇನ್ನೊಂದು ಬಂದದ್ದರ ನಡುವೆ ಒಂದು ಒಳಯುದ್ಧವೇ ನಡೆದುಹೋಗಿದೆ.

ಯುದ್ಧದ ಸಂಗತಿ ಚಿಕ್ಕದಾಗಿ ಇಷ್ಟು. ಒಂದನೆಯ ಸೋಮೇಶ್ವರ, ಅಂದರೆ ಆಹವಮಲ್ಲ, ವಾಸಿಯಾಗದ ಬೇನೆ ಬಿದ್ದು 1068ರ ಮಾರ್ಚ್‌ನಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಹಾವೇರಿ ಜಿಲ್ಲೆಯ ಆಚೆ ದಂಡೆಯ ಕುರುವತ್ತಿ ಆ ಜಾಗ. ಹಿರಿಯ ಮಗ ಎರಡನೆಯ ಸೋಮೇಶ್ವರನಿಗೆ ಪಟ್ಟವಾಯಿತು. ಎರಡನೆಯವನು ವಿಕ್ರಮಾದಿತ್ಯ; 1055-56ರ ಹೊತ್ತಿಗೇ ಬನವಾಸಿ ಪನ್ನಿರ್ಚ್ಛಾಸಿರ (ಹನ್ನೆರಡು ಸಾವಿರ) ಎಂಬ ನಾಡನ್ನೂ ಗಂಗವಾಡಿಯನ್ನೂ ಆಳುತ್ತಿದ್ದನೆಂದು ಬಂಕಾಪುರದ ಶಾಸನ ಹೇಳುತ್ತದೆ. ಮೂರನೆಯವನು ಜಯಸಿಂಹ. ವಿಕ್ರಮಾದಿತ್ಯ ಚೋಳ ವೀರರಾಜೇಂದ್ರನ ಮಗಳನ್ನು ಮದುವೆಯಾದ. 1070ರಲ್ಲಿ ಚೋಳರ ಗದ್ದುಗೆ ಒಂದನೆಯ ಕುಲೋತ್ತುಂಗನ ಕೈಗೆ ಹೋಯಿತು. ಅವನು ಅಣ್ಣ ಸೋಮೇಶ್ವರನ ಪಕ್ಷ ಹಿಡಿದ. ಗೋವೆಯ ಕದಂಬರು, ಹೊಯ್ಸಳರು, ಉಚ್ಚಂಗಿಯ ಪಾಂಡ್ಯರು, ಸೇವುಣರು ತಮ್ಮನ ಕಡೆ ನಿಂತರು. 1076ರಲ್ಲಿ ತಮ್ಮ ಗೆದ್ದ, 1126ರವರೆಗೆ ಐವತ್ತು ವರ್ಷ ಆಳಿದ.

ಈ ಒಂದೇ ಜಗಳದ ಬಗ್ಗೆ ನಮಗೆ ನಾಲ್ಕು ಕಡೆಯ ಹೊಗಳಿಕೆ ಸಿಗುತ್ತದೆ. ನಾಲ್ಕನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದರೆ ಪ್ರಶಸ್ತಿ, ಅಂದರೆ ಅರಸನನ್ನು ಹೊಗಳುವ ಪದ್ಯ, ಹೇಗೆ ಕೆಲಸ ಮಾಡುತ್ತದೆಂಬುದು ಕಣ್ಣಿಗೆ ಕಟ್ಟುತ್ತದೆ. ಬಳ್ಳಿಗಾವೆಯಲ್ಲಿರುವ ಸೋಮೇಶ್ವರನ ಕಾಲದ ಶಾಸನ, ಹೊಸ ರಾಜ್ಯ, ಎಳೆಯ ಅರಸು, ಈಗಲೇ ಹೊಡೆಯಬೇಕು ಎಂದುಕೊಂಡು ಚೋಳ ಗುತ್ತಿ ಕೋಟೆಗೆ ಮುತ್ತಿಗೆ ಹಾಕಿದ, ಭುವನೈಕಮಲ್ಲನ ಕುದುರೆಪಡೆ ಕಂಡದ್ದೇ ಬೆನ್ನು ತೋರಿಸಿದ ಎನ್ನುತ್ತದೆ. ಅದೇ ಹೊತ್ತಿನ ವೀರರಾಜೇಂದ್ರನ ತಮಿಳು ಶಾಸನಗಳು ಓಡಿದ ಮಾತೇ ಎತ್ತುವುದಿಲ್ಲ. ಕಂಪಿಲಿಯನ್ನು ಸುಟ್ಟೆ, ಕರಡಿಕಲ್ಲಿನಲ್ಲಿ ವಿಜಯಸ್ತಂಭ ನೆಟ್ಟೆ, ಸೋಮೇಶ್ವರನನ್ನು ಕನ್ನಡ ನಾಡಿನಿಂದ ಅಟ್ಟಿ ವಿಕ್ರಮಾದಿತ್ಯನ ಕೊರಳಿಗೆ ಯುವರಾಜನ ಕಂಠಿಕೆ ಕಟ್ಟಿ ರಟ್ಟಪಾಡಿ ಏಳೂವರೆ ಲಕ್ಷ ಎಂಬ ನಾಡನ್ನು ಕೊಟ್ಟೆ ಎನ್ನುತ್ತವೆ. ವಿಕ್ರಮಾದಿತ್ಯನ ಆಸ್ಥಾನಕವಿ ಬಿಲ್ಹಣನ ಕಾವ್ಯದಲ್ಲಿ ಕೊಟ್ಟವನು ತೆಗೆದುಕೊಂಡವನು ಅದಲುಬದಲು: ಚೋಳನೇ ಅಂಜಿ ದೂತನನ್ನು ಕಳಿಸಿ, ತುಂಗಭದ್ರೆಯ ದಂಡೆಗೆ ಬಂದು ಮಗಳನ್ನು ಧಾರೆಯೆರೆದ. ಕಡೆಗೆ ಕುಲೋತ್ತುಂಗನ ಶಾಸನಗಳು ವಿಕ್ಕಲನ್ ಮತ್ತು ಸಿಂಗಣನ್, ಅಂದರೆ ವಿಕ್ರಮ-ಜಯಸಿಂಹರನ್ನು, ನಂಗಿಲಿಯಿಂದ ತುಂಗಭದ್ರೆಯವರೆಗೂ ಅಟ್ಟಾಡಿಸಿದ್ದಾಗಿ ಸಾರುತ್ತವೆ. ಬಿಲ್ಹಣನಲ್ಲಿ ಓಡುವವನು ಕುಲೋತ್ತುಂಗ.

ಇವರಲ್ಲಿ ಯಾರೂ ನಡೆಯದ ಘಟನೆಯನ್ನು ಪೂರಾ ಕಲ್ಪಿಸಿ ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಗುತ್ತಿಯ ಮುತ್ತಿಗೆ ಇತ್ತು, ಮದುವೆ ಇತ್ತು, ಕಾಳಗ ಇತ್ತು. ಬದಲಾಗುವುದು ಕ್ರಿಯಾಪದ ಮಾತ್ರ: ಕೊಟ್ಟ, ಕೊಡಿಸಿಕೊಂಡ, ಒಪ್ಪಿಸಿದ, ಅಂಜಿದ. ಪ್ರಶಸ್ತಿಯನ್ನು ಓದುವವರು ಹೆಸರು ಮತ್ತು ಊರನ್ನು ಒಂದು ಕಡೆ, ಕ್ರಿಯಾಪದವನ್ನು ಇನ್ನೊಂದು ಕಡೆ ಪಟ್ಟಿ ಮಾಡಿಕೊಳ್ಳಬೇಕು. ಮೊದಲ ಪಟ್ಟಿ ಬಹುಪಾಲು ನಂಬಲರ್ಹ. ಎರಡನೆಯದು ಯಾರ ಅನ್ನ ಉಂಡು ಬರೆದದ್ದೆಂಬುದರ ಗುರುತು.

ಬಿಲ್ಹಣ ಈ ಕಲೆಯಲ್ಲಿ ಎಲ್ಲರಿಗಿಂತ ನುರಿತವನು. ಕಾಶ್ಮೀರದ ಖೋನಮುಷದಿಂದ ಹೊರಟು ಊರೂರು ತಿರುಗಿ ಕಲ್ಯಾಣಕ್ಕೆ ಬಂದು ‘ವಿದ್ಯಾಪತಿ’ ಎನ್ನಿಸಿಕೊಂಡವನು. ಅವನ ವಿಕ್ರಮಾಂಕದೇವಚರಿತ 18 ಸರ್ಗದ ಸಂಸ್ಕೃತ ಕಾವ್ಯ. 1874ರಲ್ಲಿ ಜಾರ್ಜ್ ಬ್ಯೂಲರ್ ಜೈಸಲ್ಮೇರದ ಜೈನ ಭಂಡಾರದಲ್ಲಿ ಅದರ ಓಲೆಪ್ರತಿ ಕಂಡು ಮರುವರ್ಷ ಅಚ್ಚು ಹಾಕಿಸಿದ. ಕವಿಯ ಮುಂದಿದ್ದ ತೊಡಕು ಸಣ್ಣದಲ್ಲ. ತನ್ನ ಒಡೆಯ ಒಡಹುಟ್ಟಿದ ಅಣ್ಣನನ್ನು ಇಳಿಸಿ ಕೂತಿದ್ದಾನೆ. ರಾಮಾಯಣದ ಭರತನನ್ನು ಆದರ್ಶವೆಂದು ನಂಬಿದ ನಾಡಿನಲ್ಲಿ ಇದನ್ನು ಸರಿ ಎನ್ನಿಸಬೇಕು. ಅವನು ಒಂದೊಂದೇ ಮೆಟ್ಟಿಲು ಕಟ್ಟುತ್ತಾನೆ. ಹುಟ್ಟುವ ಮೊದಲೇ ಶಿವ ಈ ಎರಡನೆಯ ಮಗನನ್ನು ವಿಶೇಷ ವರವಾಗಿ ಕೊಡುತ್ತಾನೆ. ತಂದೆಯೇ ಯುವರಾಜ ಪದವಿ ಕೊಡಲು ಬಂದಾಗ ಮಗ ಅಣ್ಣನಿರುವಾಗ ನನಗೇಕೆ ಎಂದು ಒಲ್ಲೆ ಎನ್ನುತ್ತಾನೆ. ತಂದೆ ಸತ್ತ ಮೇಲೆ ಗೆದ್ದು ತಂದದ್ದನ್ನೆಲ್ಲ ಅಣ್ಣನ ಮುಂದೆ ಸುರಿಯುತ್ತಾನೆ. ಆಮೇಲೆ ಅಣ್ಣ ಕೆಡುತ್ತಾನೆ. ಮದ, ಲೋಭ, ಸಂಶಯ. ತಮ್ಮ ಹೋರಾಡುವುದಿಲ್ಲ, ರಾಜಧಾನಿ ಬಿಟ್ಟು ಹೊರಡುತ್ತಾನೆ. ಅಣ್ಣನೇ ದಂಡು ಕಳಿಸಿದಾಗಲೂ ಹಿಂಜರಿಯುತ್ತಾನೆ, ಶಿವ ಕನಸಿನಲ್ಲಿ ಬಂದು ಅಪ್ಪಣೆ ಕೊಟ್ಟ ಮೇಲಷ್ಟೇ ಖಡ್ಗ ಎತ್ತುತ್ತಾನೆ. ಗೆದ್ದ ಮೇಲೂ ರಾಜ್ಯ ಹಿಂದಕ್ಕೆ ಕೊಡಬೇಕೆಂದರೆ ಶಿವ ಸಿಟ್ಟಾಗುತ್ತಾನೆ. ಒಂದು ಮೆಟ್ಟಿಲು ತೆಗೆದರೂ ಕಟ್ಟಡ ಬೀಳುತ್ತದೆ, ಅಷ್ಟು ಲೆಕ್ಕ ಹಾಕಿ ಕಟ್ಟಿದ್ದು.

ಕಟ್ಟಡದ ಬಿರುಕು ಕಾಣುವುದು ಮುಂದಿನ ಸರ್ಗಗಳಲ್ಲಿ. ಈಗ ವಿಕ್ರಮಾದಿತ್ಯನೇ ಅಣ್ಣ; ಬನವಾಸಿ ಆಳುತ್ತಿದ್ದ ಜಯಸಿಂಹ ತಿರುಗಿಬೀಳುತ್ತಾನೆ. ಅಣ್ಣನ ಮೇಲೆ ಖಡ್ಗ ಎತ್ತಿದ ಅದೇ ಕೆಲಸ ಇಲ್ಲಿ ಪಾಪ, ದುರಾಸೆ, ಕೃತಘ್ನತೆ. ಆರನೆಯ ಸರ್ಗವನ್ನೂ ಹದಿನಾಲ್ಕು-ಹದಿನೈದನೆಯ ಸರ್ಗಗಳನ್ನೂ ಒಂದೇ ದಿನ ಓದಿ, ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ. ಜಯಸಿಂಹ ಯುವರಾಜನಾಗಿದ್ದಾಗಿನ ಶಾಸನಗಳಲ್ಲಿ ಅವನಿಗೆ ‘ಅಣ್ಣನಂಕಕಾರ’ ಎಂಬ ಬಿರುದಿದೆ, ಅಣ್ಣನಿಗಾಗಿ ಕಾದುವ ವೀರ ಅಂತ. ದಂಗೆಯ ನಂತರ ಅವನ ಹೆಸರು ಶಾಸನಗಳಿಂದ ಮರೆಯಾಯಿತು. ಬಿರುದು ಮಾತ್ರ ಕೊರೆದ ಕಲ್ಲಿನಲ್ಲಿ ಹಾಗೇ ಉಳಿದಿದೆ.

ಬಿಲ್ಹಣನಿಗೆ ತನ್ನ ಕೈಯಲ್ಲಿರುವ ಶಕ್ತಿ ಗೊತ್ತಿತ್ತು. ಲಂಕೆಯ ಒಡೆಯನ ಕೀರ್ತಿ ಕುಗ್ಗಿದ್ದು, ರಘುವಂಶದ ಹುಡುಗನ ಕೀರ್ತಿ ಹಿಗ್ಗಿದ್ದು ಎರಡೂ ಆದಿಕವಿಯ ಪ್ರಭಾವ, ಆದ್ದರಿಂದ ಅರಸರು ಕವಿಗಳನ್ನು ಸಿಟ್ಟಿಗೆಬ್ಬಿಸಬಾರದು ಎಂದು ಮೊದಲ ಸರ್ಗದಲ್ಲೇ ಹೇಳುತ್ತಾನೆ. ಹೊಗಳುವ ಕಾವ್ಯದ ಬಾಗಿಲಲ್ಲೇ ಇಂಥ ಮಾತನ್ನು ಇಟ್ಟ ಕವಿಯನ್ನು ಬರೀ ಭಟ್ಟಂಗಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಕನ್ನಡಕ್ಕೆ ಇದು ಹೊಸದೂ ಅಲ್ಲ. 941ರಲ್ಲಿ ಪಂಪ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಡನೆ ಒಂದು ಮಾಡಿ ಭಾರತ ಹೇಳಿದ. ರಾಷ್ಟ್ರಕೂಟ ಚಕ್ರವರ್ತಿ ಗೋವಿಂದನನ್ನು ಎದುರಿಸಿ, ಶರಣು ಬಂದವನನ್ನು ಕಾಪಾಡಿ, ಬದ್ದೆಗನಿಗೆ ಪಟ್ಟ ಕಟ್ಟಿಸಿದ ಅರಿಕೇಸರಿಯ ರಾಜಕಾರಣ ಆ ಕಾವ್ಯದೊಳಗೇ ಇದೆ. ರನ್ನ ಸತ್ಯಾಶ್ರಯನನ್ನು ಭೀಮನಾಗಿಸಿದ.

ಗೆದ್ದವನ ಇನ್ನೊಂದು ಕೆಲಸ ಕಾಲದ ಲೆಕ್ಕವನ್ನೇ ಬದಲಿಸಿದ್ದು. ಪಟ್ಟವೇರಿದ ನಳ ಸಂವತ್ಸರದಿಂದ, ಅಂದರೆ 1076-77ರಿಂದ, ‘ಚಾಳುಕ್ಯ ವಿಕ್ರಮ ವರ್ಷ’ ಸುರುವಾಯಿತು. ಶಾಸನದಲ್ಲಿ ಆ ವರ್ಷದ ಅಂಕಿ ಕಂಡರೆ 1075 ಕೂಡಿಸಿ. 20ನೆಯ ವರ್ಷ ಎಂದಿದ್ದರೆ 1095-96. ಆಗ ಯುವ ಸಂವತ್ಸರ ಇರಬೇಕು, ಡಂಬಳದ ತಾರಾ ವಿಹಾರದ ಶಾಸನದ ಕಾಲ ಅದೇ. ಶಕ ವರ್ಷ ಇದ್ದರೆ 78 ಕೂಡಿಸಿ. ಸಂವತ್ಸರದ ಹೆಸರೂ ಅಂಕಿಯೂ ತಾಳೆಯಾಗದಿದ್ದರೆ ಅಂಕಿ ತಪ್ಪು ಓದಿರುವ ಸಾಧ್ಯತೆಯೇ ಹೆಚ್ಚು, ಸವೆದ ಅಂಕಿಗಿಂತ ಹೆಸರು ಗಟ್ಟಿ. ತಿಥಿ, ವಾರ, ಸಂಕ್ರಾಂತಿ ಅಥವಾ ಗ್ರಹಣ ಹೇಳಿದ್ದರೆ ಅದನ್ನೂ ಬಿಡದೆ ಬರೆದುಕೊಳ್ಳಿ. ಐವತ್ತು ವರ್ಷ ಈ ಸೀಮೆಯ ಗೌಡರು, ಸೆಟ್ಟಿಗಳು, ಪೂಜಾರಿಗಳು ದಾನ ಬರೆಸುವಾಗಲೆಲ್ಲ ಗೆದ್ದವನ ಹೆಸರಿನಿಂದಲೇ ದಿನ ಎಣಿಸಿದರು. ಸರ್ಗಬಂಧ ಕಾವ್ಯವನ್ನು ಓದಿದವರು ನೂರು ಮಂದಿಯಾದರೆ ಈ ಒಂದು ಪದ ಎಷ್ಟೋ ಊರಿನ ಬಾಯಲ್ಲಿ ಆಡಿತು.

ಸೋತ ಅಣ್ಣನಿಗೆ ಕವಿ ಇರಲಿಲ್ಲವೆಂದಲ್ಲ, ಅವನ ಪರವಾದ ಕಾವ್ಯ ನಮಗೆ ಉಳಿದಿಲ್ಲ. ಉಳಿದಿರುವುದು ಶಾಸನದ ಪದ್ಯ. ಅವುಗಳಲ್ಲಿ ಗದಗ ಸಮೀಪದ ಗಾವರವಾಡದ 1071-72ರ ಶಾಸನ ಎಲ್ಲಕ್ಕಿಂತ ತೀಕ್ಷ್ಣ. ಗಂಗ ಪೆರ್ಮಾಡಿ ಅಣ್ಣಿಗೇರಿಯಲ್ಲಿ ಕಟ್ಟಿಸಿದ ಬಸದಿಯನ್ನೂ, ಬೆಳ್ವೊಲ ನಾಡಿನ ಇತರ ಬಸದಿಗಳನ್ನೂ ಚೋಳ ಬಂದು ಸುಟ್ಟದ್ದು, ಆ ಪಾಪಕ್ಕೆ ಕಾಳಗದಲ್ಲಿ ತಲೆ ತೆತ್ತದ್ದು, ಆಮೇಲೆ ಭುವನೈಕಮಲ್ಲನ ಮಂಡಲೇಶ್ವರ ಲಕ್ಷ್ಮರಸ ಆ ಧರ್ಮವನ್ನು ಮತ್ತೆ ನಿಲ್ಲಿಸಿದ್ದು ಅದರಲ್ಲಿದೆ. ಸುಟ್ಟ ಬಸದಿಯ ನೆನಪು ನಿಜವಾದ ನೋವು, ಅದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ಕೊರೆಸಿದ ವರ್ಷ ನೋಡಿ: ಚೋಳನ ಅಳಿಯನಾದ ತಮ್ಮ ತುಂಗಭದ್ರೆಯ ಆಚೆ ಬಲ ಕೂಡಿಸುತ್ತಿದ್ದ ಹೊತ್ತು. ಚೋಳನನ್ನು ಬೈದ ಆ ಸಾಲುಗಳು ಅಣ್ಣಿಗೇರಿಯ ಕೇಳುಗರಿಗೆ ಯಾರ ನೆನಪು ತಂದಿರಬೇಕೆಂದು ಊಹಿಸುವುದು ಕಷ್ಟವಲ್ಲ. ಒಂದೇ ಪದ್ಯ ಸ್ಮಾರಕವೂ ಆಗಬಹುದು, ಪಕ್ಷದ ಕೂಗೂ ಆಗಬಹುದು.

ಇನ್ನು ಅಗಸಿಯ, ಅಂದರೆ ಊರಬಾಗಿಲಿನ, ಹತ್ತಿರ ಬರೋಣ. ಕಾದಿ ಸತ್ತವನಿಗೆ ಊರವರು ನಿಲ್ಲಿಸಿದ ವೀರಗಲ್ಲುಗಳು ಅಗಸಿಯ ಬುಡದಲ್ಲಿ, ಹನುಮಪ್ಪನ ಗುಡಿಯ ಕಟ್ಟೆಗೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಇವೆ. ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಅಂಕಣದಲ್ಲಿ ಕಾಳಗ: ಬಿಲ್ಲು, ಖಡ್ಗ, ಗುರಾಣಿ, ಕುದುರೆ, ಆಕಳ ಹಿಂಡು ಕೊರೆದಿದ್ದರೆ ಅದು ತುರುಗೋಳ್, ದನ ಹೊಡೆದೊಯ್ಯಲು ಬಂದವರನ್ನು ತಡೆದ ಜಗಳ. ನಡುವಿನ ಅಂಕಣದಲ್ಲಿ ಅಪ್ಸರೆಯರು ವೀರನನ್ನು ತೋಳು ಹಿಡಿದೋ ವಿಮಾನದಲ್ಲೋ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಕೈಮುಗಿದು ಲಿಂಗದ ಮುಂದೆ ಕೂತಿರುತ್ತಾನೆ. ಲಿಂಗದ ಜಾಗದಲ್ಲಿ ಜಿನ ಇದ್ದರೆ ಸತ್ತವನು ಜೈನ. ಬರಹ ಇರುವುದು ಅಂಕಣಗಳ ನಡುವಿನ ಪಟ್ಟಿಗಳಲ್ಲಿ, ಬೆರಳಗಲದ ಜಾಗ, ಆದ್ದರಿಂದಲೇ ಬಹಳ ಮಂದಿಯ ಕಣ್ಣಿಗೆ ಬೀಳುವುದಿಲ್ಲ. ಬಳೆ ತೊಟ್ಟು ಎತ್ತಿದ ಕೈ ಕಂಬದಿಂದ ಹೊರಚಾಚಿದ್ದರೆ ಅದು ಮಾಸ್ತಿಕಲ್ಲು.

ಅರಮನೆಯ ದೊಡ್ಡ ಯುದ್ಧ ಈ ಕಲ್ಲುಗಳಲ್ಲಿ ಅಪರೂಪ. ಹಾನಗಲ್ಲಿನಲ್ಲಿ 1196ರಲ್ಲಿ ಹೊಯ್ಸಳ ವೀರಬಲ್ಲಾಳ ಆನೆಕೆರೆಯ ಬಳಿ ಬೀಡುಬಿಟ್ಟು ಮುತ್ತಿಗೆ ಹಾಕಿದಂಥ ಕಾಳಗಕ್ಕೂ ವೀರರ ನೆನಪು ಉಂಟು. ಹೆಚ್ಚಿನವು ಮಾತ್ರ ದನ, ಗಡಿ, ಊರಳಿವು (ಊರಿನ ಮೇಲಿನ ದಾಳಿ), ಪೆಣ್ಬುಯ್ಯಲ್ (ಹೆಣ್ಣಿನ ಮೊರೆಗೆ ಓಗೊಟ್ಟು ಕಾದಿದ್ದು) ಇವುಗಳ ಕಲ್ಲು. ಅರಸನ ಹೆಸರು ಕಾಲ ಗುರುತಿಸಲು ಒಂದು ಸಾಲು ಬಂದು ಹೋಗುತ್ತದೆ. ಆಮೇಲೆ ಸತ್ತವನ ಹೆಸರು, ಯಾರ ಮಗ, ಯಾವ ಊರು, ಕಲ್ಲು ನಿಲ್ಲಿಸಿದವರು ಯಾರು. ಒಳಯುದ್ಧದ ಕಾಲದಲ್ಲಿ ಇಂಥ ದನದ ಜಗಳ ಕೊನೆಗೆ ಯಾರ ಮನೆಗೆ ಬಂತೆಂಬುದು ಬಿಲ್ಹಣನಲ್ಲಿಲ್ಲ, ಇಲ್ಲಿದೆ.

ಹಾಗೆಂದು ವೀರಗಲ್ಲು ಪ್ರಚಾರದಿಂದ ಹೊರತಲ್ಲ. ಊರೂರಲ್ಲಿ ಮತ್ತೆ ಮತ್ತೆ ಬರುವ ಶ್ಲೋಕ ಒಂದಿದೆ: ‘ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ, ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ’. ಗೆದ್ದರೆ ಸಿರಿ, ಸತ್ತರೆ ದೇವಲೋಕದ ಹೆಣ್ಣು. ಕ್ಷಣದಲ್ಲಿ ಅಳಿಯುವ ಮೈ ಇದು, ಕಾಳಗದ ಸಾವಿಗೆ ಚಿಂತೆ ಏಕೆ? ದಿನಾ ದನ ಹೊಡೆದುಕೊಂಡು ಅಗಸಿ ದಾಟುವ ಹುಡುಗನ ಕಣ್ಣೆದುರು ಇದನ್ನು ನಿಲ್ಲಿಸಿದ್ದರು. ಮಾತಿನ ಜೊತೆ ಮಣ್ಣೂ ಇತ್ತು. ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ಕನ್ನಡ ಶಾಸನಗಳಲ್ಲಿ ನೆತ್ತರುಗೊಡಗೆ, ಬಾಳ್ಗಳ್ಚು ಎಂಬ ಹೆಸರುಗಳಿವೆ. ನೆತ್ತರಿಗೆ ಕೊಟ್ಟ ಕೊಡುಗೆ, ಖಡ್ಗ ತೊಳೆದ ಕೊಡುಗೆ. ಈ ಸೀಮೆಯ ಶಾಸನಗಳಲ್ಲಿ ಭೂಮಿಯ ಅಳತೆ ಮತ್ತರು ಮತ್ತು ಕಮ್ಮಗಳಲ್ಲಿರುತ್ತದೆ. ಅಳತೆ ಕಂಡರೆ ತಪ್ಪದೆ ಬರೆದುಕೊಳ್ಳಿ, ಶ್ಲೋಕಕ್ಕಿಂತ ಅದು ಹೆಚ್ಚು ಹೇಳುತ್ತದೆ.

ಸೋತವರ ಪರವಾಗಿ ಹಾಡು ಉಳಿದದ್ದು ಈ ಕಡೆ ಬಹಳ ತಡವಾಗಿ, ಲಾವಣಿಯಲ್ಲಿ. 1857ರಲ್ಲಿ ಹತಾರ ಒಪ್ಪಿಸಲು ಒಲ್ಲೆವೆಂದ ಹಲಗಲಿಯ ಬೇಡರನ್ನು, ಅದಕ್ಕೂ ಮೊದಲು ಸಂಗೊಳ್ಳಿ ರಾಯಣ್ಣನನ್ನು ಜನ ಹಾಡಿನಲ್ಲಿ ಕಾಯ್ದಿಟ್ಟರು. ಆ ಲಾವಣಿಗಳನ್ನು 1880ರ ದಶಕದಲ್ಲಿ ಅಚ್ಚು ಹಾಕಿದವನು ನಮ್ಮ ಚಾಲುಕ್ಯ ಶಾಸನಗಳನ್ನು ಓದಿ ಪ್ರಕಟಿಸಿದ ಜೆ. ಎಫ್. ಫ್ಲೀಟ್, ಅವರನ್ನು ಸೋಲಿಸಿದ ಕಂಪನಿ ಸರಕಾರದ ನಂತರ ಬಂದ ಬ್ರಿಟಿಷ್ ಸರಕಾರದ ಅಧಿಕಾರಿ. ಭುವನೈಕಮಲ್ಲನಿಗೆ ಅಂಥ ಭಾಗ್ಯ ಸಿಗಲಿಲ್ಲ.

ಈಗ ಕಲ್ಲನ್ನು ಓದಿ ದಾಖಲಿಸುವ ಬಗೆ. ಮೊದಲು ಬೆಳಕು. ನೇರ ಬೆಳಕಿನಲ್ಲಿ ಅಕ್ಷರ ಮಾಯವಾಗುತ್ತದೆ, ಓರೆ ಬೆಳಕಿನಲ್ಲಿ ಮೇಲೇಳುತ್ತದೆ. ಮೂಡಣಕ್ಕೆ ಮುಖ ಮಾಡಿದ ಕಲ್ಲಿಗೆ ಬೆಳಗಿನ ಬಿಸಿಲು ಕೆಟ್ಟದ್ದು, ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಬಿಸಿಲು ಮೇಲಿನಿಂದ ಸವರಿಕೊಂಡು ಇಳಿಯುತ್ತದೆ, ಆಗ ಓದಿ. ತೆಂಕಣ ಮುಖದ ಕಲ್ಲಿಗೆ ಮುಂಜಾನೆ ಅಥವಾ ಸಂಜೆ. ನೆರಳಿನಲ್ಲಿದ್ದರೆ ಒಬ್ಬರು ಕನ್ನಡಿ ಹಿಡಿದು ಬಿಸಿಲನ್ನು ಬದಿಯಿಂದ ಹಾಯಿಸಲಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಹೆಚ್ಚುಕಡಿಮೆ ತಾಗಿಸಿ, ಹತ್ತಿಪ್ಪತ್ತು ಡಿಗ್ರಿ ಓರೆಯಲ್ಲಿ ಹಿಡಿದು ಎಡ, ಬಲ, ಮೇಲೆ, ಕೆಳಗೆ ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ. ಎಡದ ಬೆಳಕಿನಲ್ಲಿ ಕಾಣದ ಅಡ್ಡಗೆರೆ ಮೇಲಿನ ಬೆಳಕಿನಲ್ಲಿ ಕಾಣುತ್ತದೆ. ಮೊಬೈಲ್ ಕಲ್ಲಿಗೆ ಸಮಾನಾಂತರವಾಗಿರಲಿ, ಫ್ಲ್ಯಾಶ್ ಬೇಡ, ಅಳತೆಪಟ್ಟಿ ಚೌಕಟ್ಟಿನೊಳಗೆ ಇರಲಿ. ಅಕ್ಷರ ಕಾಣಲೆಂದು ಸುಣ್ಣದ ಪುಡಿ, ಸೀಮೆಸುಣ್ಣ, ಎಣ್ಣೆ ಹಚ್ಚುವುದು, ತಂತಿ ಬ್ರಷ್‌ನಿಂದ ತಿಕ್ಕುವುದು, ಆ್ಯಸಿಡ್ ಹಾಕುವುದು ಯಾವುದೂ ಕೂಡದು. ಎಣ್ಣೆ ಹೀರಿದ ಕಲ್ಲು ಧೂಳು ಹಿಡಿದು ಕಪ್ಪಾಗುತ್ತದೆ, ಆಮೇಲೆ ಪಡಿಯಚ್ಚಿನ (ಕಲ್ಲಿನ ಬರಹವನ್ನು ಮಸಿಯಿಂದ ಕಾಗದಕ್ಕೆ ಇಳಿಸಿದ ಪ್ರತಿಯ) ಕಾಗದವೂ ಅಂಟುವುದಿಲ್ಲ.

ಪಡಿಯಚ್ಚು ತೆಗೆಯಲು ಸಂರಕ್ಷಿತ ಸ್ಮಾರಕವಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಕೇಂದ್ರ ಇಲಾಖೆಯ ವಲಯ ಕಚೇರಿ ಧಾರವಾಡದಲ್ಲೇ ಇದೆ. ಬರೀ ನೀರು, ಮೆತ್ತನೆಯ ಬ್ರಷ್ ಸಾಕು ಕಲ್ಲು ತೊಳೆಯಲು. ತೆಳ್ಳಗಿದ್ದೂ ಒದ್ದೆಯಾದರೆ ಹರಿಯದ ಕಾಗದವನ್ನು ನೆನೆಸಿ ಕಲ್ಲಿನ ಮೇಲೆ ಹಾಸಿ, ನಡುವಿನಿಂದ ಅಂಚಿಗೆ ಗಾಳಿ ಹೊರಡಿಸಬೇಕು. ಆಮೇಲೆ ಒತ್ತಾದ ಕೂದಲಿನ ಬ್ರಷ್‌ನಿಂದ ನೆಟ್ಟಗೆ ಬಡಿಯುತ್ತ ಹೋಗಬೇಕು, ಸವರಬಾರದು. ಸವರಿದರೆ ಕಾಗದ ಜಾರಿ ಅಕ್ಷರ ಎರಡೆರಡಾಗುತ್ತದೆ. ಹರಿದ ಕಡೆ ಒದ್ದೆ ತುಂಡು ಇಟ್ಟು ಬಡಿದರೆ ಕೂಡಿಕೊಳ್ಳುತ್ತದೆ. ನೀರಿನ ಹೊಳಪು ಹೋಗಿ ಕಾಗದ ಮಂಕಾದಾಗ ಮಸಿ. ಬಟ್ಟೆಯ ಉಂಡೆಗೆ ಮಸಿ ಹಚ್ಚಿ ಮೊದಲು ಬೇರೆ ಹಲಗೆಯ ಮೇಲೆ ತಟ್ಟಿ ಹದ ಮಾಡಿಕೊಂಡು, ಆಮೇಲೆ ಕಾಗದದ ಮೇಲೆ ಹಗುರವಾಗಿ ತಟ್ಟಬೇಕು. ಹಿನ್ನೆಲೆ ಕಪ್ಪಾಗಿ ಕೊರೆದ ಅಕ್ಷರ ಬಿಳಿಯಾಗಿ ನಿಲ್ಲುತ್ತದೆ. ಹಸಿ ಇರುವಾಗಲೇ ಅವಸರ ಮಾಡಿದರೆ ಮಸಿ ಅಕ್ಷರದೊಳಗೆ ಹರಿದು ಎಲ್ಲ ಒಂದಾಗುತ್ತದೆ. ಪೂರ್ತಿ ಒಣಗಲು ಬಿಟ್ಟರೆ ಕಾಗದ ತಾನೇ ಕಿತ್ತು ಬರುತ್ತದೆ. ನಮ್ಮ ಏಪ್ರಿಲ್ ಬಿಸಿಲು, ಗದಗಿನ ಗಾಳಿ ಎರಡೂ ಕಾಗದವನ್ನು ಬೇಗ ಒಣಗಿಸುವಂಥವು, ಬೆಳಗಿನ ತಂಪಿನಲ್ಲಿ ಮುಗಿಸುವುದೇ ಸರಿ. ತೆಗೆದ ಕೂಡಲೇ ಅಂಚಿನಲ್ಲಿ ಪೆನ್ಸಿಲ್‌ನಿಂದ ಊರು, ಜಾಗ, ಕಲ್ಲಿನ ಮುಖ, ದಿನಾಂಕ ಬರೆಯಿರಿ.

ಓದುವಾಗ ಮೋಸ ಹೋಗುವ ಜಾಗಗಳು ಗೊತ್ತಿರಬೇಕು. ಪ, ವ, ಮ ಒಂದರಂತೆ ಒಂದು ಕಾಣುತ್ತವೆ. ಈಗ ಬಳಕೆಯಲ್ಲಿಲ್ಲದ ಱ ಮತ್ತು ೞ ಅಲ್ಲಿರುತ್ತವೆ. ಎ-ಏ, ಒ-ಓ ಎಂಬ ಭೇದ ಆ ಲಿಪಿಯಲ್ಲಿ ಇಲ್ಲ, ಆದ್ದರಿಂದ ಹೆಸರಿನಲ್ಲಿ ‘ಕೇ’ ಎಂದೋ ‘ಕೆ’ ಎಂದೋ ಅರ್ಥ ನೋಡಿ ನಿರ್ಧರಿಸಬೇಕು. ಕಲ್ಲಿನ ಚಕ್ಕೆ ಎದ್ದ ಗುಳಿ ಸೊನ್ನೆಯಂತೆ ತೋರುತ್ತದೆ. ಪದ್ಯವಿದ್ದರೆ ಛಂದಸ್ಸು ನಿಮಗೆ ಒದಗುತ್ತದೆ. ಕಂದಪದ್ಯದಲ್ಲಿ ಸಾಲಿಗೆ 12, 20, 12, 20 ಮಾತ್ರೆ. ನಾಲ್ಕೂ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನ. ಮೂರನೆಯ ಸಾಲಿನ ಎರಡನೆಯ ಅಕ್ಷರ ಒಡೆದುಹೋಗಿದ್ದರೂ ಉಳಿದ ಮೂರು ಸಾಲು ಅದು ಯಾವ ಅಕ್ಷರವೆಂದು ಹೇಳಿಬಿಡುತ್ತವೆ. ಮಾತ್ರೆ ಎಣಿಸಿದರೆ ಎಷ್ಟು ಅಕ್ಷರ ಕಳೆದಿದೆ ಎಂಬ ಅಂದಾಜೂ ಸಿಗುತ್ತದೆ. ಅರಸನ ಹೊಗಳಿಕೆ ಹೀಗೆ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ, ಅದೇ ಮಾತು ಬೇರೆ ಕಲ್ಲಿನಲ್ಲೂ ಇರುತ್ತದೆ.

ವೀರಗಲ್ಲಿನ ಕೆಳಪಟ್ಟಿಯಲ್ಲಿ ಬರುವ ಹೆಸರಿಗೆ ಇಂಥ ಆಸರೆ ಇಲ್ಲ. ಗದ್ಯ, ಒಂದೇ ಸಲ ಬರುವ ಹೆಸರು, ಇನ್ನೆಲ್ಲೂ ಸಿಗದು. ಅರ್ಧ ಮಣ್ಣಿನಲ್ಲಿ ಹೂತಿದ್ದರೆ ಗುದ್ದಲಿ ಹಾಕಬೇಡಿ, ಕಲ್ಲನ್ನು ಕದಲಿಸಬೇಡಿ, ಇಲಾಖೆಗೂ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೂ ತಿಳಿಸಿ. ಸ್ಪಷ್ಟವಾಗಿ ಕಂಡ ಅಕ್ಷರ ಹಾಗೇ ಬರೆಯಿರಿ, ಸಂಶಯವಿದ್ದದ್ದನ್ನು ಆವರಣದಲ್ಲಿಡಿ, ಹೋದ ಒಂದೊಂದು ಅಕ್ಷರಕ್ಕೂ ಒಂದೊಂದು ಚುಕ್ಕಿ. ಎರಡೇ ಅಕ್ಷರ ಸಿಕ್ಕರೆ ಆ ಎರಡನ್ನೇ ಬರೆದಿಡಿ.